ಕೆಂಪು ಗುರುತಿನ ತಾಡಪತ್ರಿ

ನಮ್ಮೂರಲ್ಲಿ ನೆಲ್ಲು ಒಣಗುವುದು ರಸ್ತೆಯ ಮೇಲೆ. ಸಿರುಗುಪ್ಪದ ದೊಡ್ಡ ರಸ್ತೆಯಿಂದ ಊರಿಗೆ ತಿರುಗುವ ಡಾಂಬರು ದಾರಿ ವರ್ಷಕ್ಕೆ ಎರಡು ಸಲ ಅರ್ಧಕ್ಕರ್ಧ ಹಳದಿಯಾಗುತ್ತದೆ. ಮುಂಗಾರಿನ ಬೆಳೆ ಬಂದಾಗ ಒಮ್ಮೆ, ಬೇಸಿಗೆ ಬೆಳೆ ಬಂದಾಗ ಒಮ್ಮೆ. ಹಿಂದೆ ಕೈಯಲ್ಲಿ ಕೊಯ್ದು, ಗದ್ದೆಯಲ್ಲೇ ಒಣಗಲು ಬಿಟ್ಟು, ಆಮೇಲೆ ಬಡಿಯುತ್ತಿದ್ದರಂತೆ. ಈಗ ಕೊಯ್ಯುವ ಮಷಿನ್ ಒಂದೇ ಮಧ್ಯಾಹ್ನದಲ್ಲಿ ಹಸಿ ಭತ್ತವನ್ನು ಟ್ರಾಕ್ಟರಿಗೆ ಸುರಿದು ಮುಂದಿನವರ ಗದ್ದೆಗೆ ಹೋಗಿಬಿಡುತ್ತದೆ. ಹಸಿ ನೆಲ್ಲನ್ನು ಮಿಲ್ಲಿನವರು ಮುಟ್ಟುವುದಿಲ್ಲ. ಹಾಗಾಗಿ ರಸ್ತೆಯೇ ಕಣ. ಅಂಚಿಗೆ ಕಲ್ಲುಗಳ ಸಾಲು ಇಡುತ್ತೇವೆ, ಬೈಕಿನವರು ಬೈದುಕೊಂಡು ಸುತ್ತಿ ಹೋಗುತ್ತಾರೆ, ನಾವು ಬರಿಗಾಲಲ್ಲಿ ನೆಲ್ಲಿನೊಳಗೆ ಕಾಲೆಳೆಯುತ್ತ ಹೋಗಿ ಬಂದು ಅದನ್ನು ತಿರುವುತ್ತೇವೆ.

ಈ ರಸ್ತೆಗೆ ಒಂದು ಕಟ್ಟಳೆಯಿದೆ. ಗಾಳಿ ಎದ್ದು ಮೊದಲ ಹನಿ ಬಿದ್ದರೆ, ನಿಮ್ಮ ಕಾಲಿಗೆ ಹತ್ತಿರ ಇರುವ ರಾಶಿಯನ್ನು ಮೊದಲು ಮುಚ್ಚಬೇಕು. ಅದು ಯಾರದೆಂದು ನೋಡಬಾರದು. ನಿಮ್ಮ ರಾಶಿ ಊರ ಆ ತುದಿಯಲ್ಲಿದ್ದರೆ ಆ ತುದಿಯಲ್ಲಿದ್ದವರು ಅದನ್ನು ಮುಚ್ಚಿರುತ್ತಾರೆ. ಅದಕ್ಕೇ ಪ್ರತಿ ರಾಶಿಯ ಪಕ್ಕದಲ್ಲೂ ಅದರ ತಾಡಪತ್ರಿ ಮಡಚಿಟ್ಟು, ಹಾರದಂತೆ ಮೇಲೊಂದು ಕಲ್ಲು ಹೇರಿರುತ್ತಾರೆ. ಎಲ್ಲರೂ ತಮ್ಮ ತಮ್ಮ ರಾಶಿಗೆ ಓಡಿದರೆ, ಓಡುವುದರಲ್ಲೇ ಮಳೆ ಎಲ್ಲರದನ್ನೂ ನುಂಗುತ್ತದೆ. ನಾನು ನಡೆಯಲು ಕಲಿತ ಮೇಲೆ ಕಲಿತ ಮೊದಲ ಕೆಲಸ ಇದೇ ಇರಬೇಕು. ಚಿಕ್ಕವಳಿದ್ದಾಗ ದೊಡ್ಡವರು ತಾಡಪತ್ರಿ ಎಳೆಯುತ್ತಿದ್ದರು, ನಾನು ಅಂಚಿಗೆ ಕಲ್ಲು ಹೇರುತ್ತಿದ್ದೆ.

ಆಗೆಲ್ಲ ಇಂಥ ಓಟ ಅಪರೂಪ. ಬೇಸಿಗೆ ಬೆಳೆ ರಸ್ತೆಗೆ ಬಂದರೆ ನಿಶ್ಚಿಂತೆಯಿಂದ ಮಲಗುತ್ತಿದ್ದೆವು. ಈಚೆಗೆ ಹಾಗಿಲ್ಲ. ಮೋಡಕ್ಕೆ ತಿಂಗಳ ಲೆಕ್ಕ ತಪ್ಪಿದೆ. ಕಾಲಕ್ಕೆ ಬರಬೇಕಾದ ಮಳೆ ಬರುವುದಿಲ್ಲ, ಬಂದರೆ ಒಂದು ಗಂಟೆಯಲ್ಲಿ ತಿಂಗಳ ಮಳೆ ಸುರಿಯುತ್ತದೆ, ಸುರಿಯುವುದೂ ನಾವು ನೆಲ್ಲು ಹರವಿದ ದಿನವೇ.

ನನ್ನ ದಿನಚರಿಯ ಮೊದಲ ಪುಟ ಅಂಥದೊಂದು ಏಪ್ರಿಲ್‌ನ ಕೊನೆಯ ಮಂಗಳವಾರದ್ದು. ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಿದ್ದೆ. ಅಪ್ಪ ಕಾಲುವೆಯ ಕಡೆ ಹೋಗಿದ್ದ. ನಾನು ಮತ್ತು ಅವ್ವ ಊರಿನ ಕೊನೆಯ ಮನೆಯ ಹತ್ತಿರ ಇದ್ದೆವು. ನಮ್ಮ ರಾಶಿ ಇನ್ನೊಂದು ತುದಿಯ ಬೇವಿನ ಮರದ ಹತ್ತಿರ, ದೊಡ್ಡಪ್ಪನ ರಾಶಿಗೆ ಹೊಂದಿಕೊಂಡೇ ಇತ್ತು. ದೊಡ್ಡಪ್ಪ ಅಂದರೆ ಅಪ್ಪನ ಸ್ವಂತ ಅಣ್ಣ. ಮೊಣಕಾಲು ನೋವಿನವನು, ಬೆಳಗಿನಿಂದ ಬೇವಿನ ಕೆಳಗೆ ಹೊರಸು ಹಾಕಿಕೊಂಡು ಎರಡೂ ರಾಶಿ ಕಾಯುತ್ತ ಕೂತಿದ್ದ.

ಗಾಳಿ ಎದ್ದಿತು. ಕೆಂಪು ದೂಳಿನ ಗೋಡೆಯೊಂದು ರಸ್ತೆಯುದ್ದಕ್ಕೂ ನಡೆದುಬಂದ ಹಾಗೆ ಬಂತು. ನಾನು ಮತ್ತು ಅವ್ವ ಹತ್ತಿರದ ರಾಶಿ ಮುಚ್ಚಿದೆವು, ಆಮೇಲೆ ಅದರ ಪಕ್ಕದ್ದು. ಅವೆರಡೂ ನಮ್ಮ ಬಳಗದವರದಲ್ಲ. ನಮ್ಮದರ ಚಿಂತೆಯೇ ನನಗಿರಲಿಲ್ಲ. ದೊಡ್ಡಪ್ಪ ಅಲ್ಲೇ ಇದ್ದನಲ್ಲ.

ಆಲಿಕಲ್ಲು ಬೀಳುವಾಗ ಓಡಿಹೋಗಿ ನೋಡಿದರೆ ನಮ್ಮ ರಾಶಿ ಬತ್ತಲೆ ನಿಂತಿತ್ತು. ಕೆಳಗಿನಿಂದ ನೀರು ಹರಿದು ನೆಲ್ಲು ಚರಂಡಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ದೊಡ್ಡಪ್ಪನ ರಾಶಿಗೆ ಎರಡು ಹೊದಿಕೆ. ಕೆಳಗಿನದು ಅವನದು, ಗಾಳಿಗೆ ನಡುವೆ ಹರಿದಿತ್ತು. ಮೇಲಿನದರ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಒಂದು ದುಂಡನೆಯ ಗುರುತು. ಆ ಗುರುತು ನಮ್ಮದು. ಅಪ್ಪ ಬಾಗಿಲಿಗೆ ಬಳಿದು ಉಳಿದ ಬಣ್ಣದಲ್ಲಿ ಅದನ್ನು ಹಾಕುವಾಗ ಡಬ್ಬಿ ಹಿಡಿದವಳು ನಾನೇ.

ಅಪ್ಪ ಬರುವ ಹೊತ್ತಿಗೆ ಮಳೆ ನಿಂತಿತ್ತು.

"ಗಾಳಿ ಬಂತಪಾ," ಅಂದ ದೊಡ್ಡಪ್ಪ. "ನಂದು ಹರೀತು. ಕೈಗೆ ಸಿಕ್ಕಿದ್ದು ಎಳಕಂಡೆ. ಅಷ್ಟೊತ್ತಿನಾಗ ಯಾರದು ಅಂತ ಯಾರು ನೋಡ್ತಾರ?"

ಕಟ್ಟಳೆಯ ಮಾತನ್ನೇ ಅವನು ತಿರುಗಿಸಿ ನಮ್ಮ ಮುಖಕ್ಕೆ ಹಿಡಿದಿದ್ದ. ಅಪ್ಪ ನೆನೆದ ನೆಲ್ಲನ್ನು ಒಂದು ಹಿಡಿ ಎತ್ತಿ, ನೋಡಿ, ಅಲ್ಲೇ ಹಾಕಿದ. "ಹೋಗ್ಲಿ ಬಿಡಣ್ಣ," ಅಂದ.

ಅಪ್ಪ ಬಿಟ್ಟ. ನಾನು ಬಿಡಲಿಲ್ಲ. ಅಂಗಡಿಗೆ ಹೋಗಿ ಗಟ್ಟಿ ರಟ್ಟಿನ ನೋಟ್‌ಬುಕ್ ತಂದೆ. ತಾರೀಖು ಹಾಕಿ, ಗಾಳಿ ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತಿಗೆ ಹನಿ ಬಿತ್ತು, ಯಾರ ರಾಶಿಯನ್ನು ಯಾರು ಮುಚ್ಚಿದರು, ಎಲ್ಲ ಬರೆದೆ. ಆ ಪುಟದಲ್ಲೇ ದೊಡ್ಡಪ್ಪ 'ಅವರು' ಹೋಗಿ 'ಅವನು' ಆದ. ಎದುರಿಗೆ ಮಾತಾಡುವಾಗ 'ರಿ' ಬಿಟ್ಟಿಲ್ಲ, ಬಿಟ್ಟರೆ ಅವ್ವ ಕೆನ್ನೆಗೆ ಹೊಡೆಯುತ್ತಾಳೆ. ಬರೆಯುವಾಗ ನನ್ನಿಷ್ಟ. ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ.

ಮೂರನೇ ದಿನಕ್ಕೆ ರಸ್ತೆಯ ಮೇಲೇ ನೆಲ್ಲು ಮೊಳಕೆಯೊಡೆಯಿತು. ನೋಡಲು ಚೆಂದವಿತ್ತು, ಬಿಳಿ ಬಿಳಿ ಮೊಳಕೆ. ಸಿರುಗುಪ್ಪದ ಮಿಲ್ಲಿನವನು ಒಂದು ಕಾಳು ಕಚ್ಚಿ ಉಗುಳಿದ. ಗದ್ದೆ ಬಯಲಿನಲ್ಲಿ ಬಾತುಕೋಳಿ ಮೇಯಿಸುತ್ತ ಬೀಡು ಬಿಟ್ಟಿದ್ದ ಆಂಧ್ರದವನೊಬ್ಬ ಬಂದು ನೋಡಿದ. "ನಾ ಬಾತುಲು ಕೂಡಾ ವಾಸನ ಚೂಸ್ತಾಯಮ್ಮಾ," ಅಂತ ನಕ್ಕ. ತನ್ನ ಬಾತುಗಳೂ ಮೂಸಿ ನೋಡಿಯೇ ತಿನ್ನುತ್ತವಂತೆ. ಆದರೂ ಅರ್ಧ ಅವನೇ ಒಯ್ದ. ಉಳಿದರ್ಧ ನಾವು ತಿಂದೆವು.

ಆ ಅಕ್ಕಿಯ ಬಗ್ಗೆ ಬರೆಯದೆ ಈ ಕಥೆ ಮುಂದೆ ಹೋಗುವುದಿಲ್ಲ. ಮುರುಕು ಮುರುಕು, ಕಂದು ಬಣ್ಣ. ಬೇಯಿಸಿದರೆ ಅಂಟಂಟು. ಅದಕ್ಕೆ ನೆಂದ ಗೋಣಿಚೀಲದ ವಾಸನೆ. ಅವ್ವ ಬಿಸಿ ನೀರಲ್ಲಿ ತೊಳೆದಳು, ಬಿಸಿಲಿಗೆ ಹಾಕಿದಳು, ಒಗ್ಗರಣೆಗೆ ಬೆಳ್ಳುಳ್ಳಿ ಹೆಚ್ಚು ಹಾಕಿದಳು. ವಾಸನೆ ಹೋಗಲಿಲ್ಲ. ಹಬ್ಬದ ದಿನವೂ ಅದೇ. ಬಳ್ಳಾರಿಯಲ್ಲಿ ಕಂಟೋನ್ಮೆಂಟಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುವ ನನಗೆ ವಾರದ ಐದು ದಿನ ಒಳ್ಳೆಯ ಅನ್ನ ಸಿಗುತ್ತಿತ್ತು. ಶನಿವಾರ ಬಸ್ಸಿಳಿದು ಮನೆಯೊಳಗೆ ಕಾಲಿಟ್ಟರೆ ಅದೇ ಗೋಣಿಚೀಲ. ಅಪ್ಪ ತಲೆ ಬಗ್ಗಿಸಿ ತಿನ್ನುತ್ತಿದ್ದ. ಪ್ರತಿ ತುತ್ತಿಗೂ ನಾನು ದೊಡ್ಡಪ್ಪನನ್ನು ನೆನೆಯುತ್ತಿದ್ದೆ. ಬೇರೆಯವರು ಊಟಕ್ಕೆ ಮುಂಚೆ ದೇವರನ್ನು ನೆನೆಯುವ ಹಾಗೆ.

ಸೇಡಿಗೆ ಒಂದು ಕೊರಳು ಬೇಕು. ತಾಡಪತ್ರಿ ಎಳೆದವನು ಗೊತ್ತಿದ್ದ, ಆ ಮಳೆ ತಂದವರನ್ನು ನಾನು ಕ್ರಮವಾಗಿಯೇ ಹುಡುಕಿದೆ. ಕಾಲೇಜಿನಲ್ಲಿ ಪರಿಸರದ ಪಾಠ ಇತ್ತು, ಹಿಂದೆ ಪರೀಕ್ಷೆಗಷ್ಟೇ ಓದಿದ್ದೆ, ಈಗ ಕಳ್ಳನನ್ನು ಹುಡುಕುವಂತೆ ಓದಿದೆ. ಕಲ್ಲಿದ್ದಲು, ಡೀಸೆಲ್ಲು ಸುಟ್ಟ ಹೊಗೆ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸುತ್ತದೆ. ಕಡಲು ಕಾಯುತ್ತದೆ. ಕಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಹೊತ್ತದ್ದನ್ನು ಒಮ್ಮೆಲೇ ಕೆಡವುತ್ತದೆ. ಅಂದರೆ ನಮ್ಮ ನೆಲ್ಲಿನ ಮೇಲೆ ಬಿದ್ದ ಆಲಿಕಲ್ಲಿಗೆ ಅಪ್ಪ ಅಮ್ಮ ಇದ್ದಾರೆ. ಅದು ಆಕಾಶದಿಂದ ತಾನಾಗಿ ಬಿದ್ದದ್ದಲ್ಲ.

ಹಾಗಾದರೆ ಯಾರು? ದೂರದ ಕಾರ್ಖಾನೆಗಳ ಹೊಗೆ ಕೊಳವೆಗಳು ಚಿಕ್ಕಮ್ಮನ ಮಹಡಿಯಿಂದ ಒಂದೊಂದು ದಿನ ಕಾಣುತ್ತವೆ. ಅದಿರು ಲಾರಿಗಳು ಕಾಣುತ್ತವೆ. ನಾನು ಹತ್ತಿದ ಬಸ್ಸಿನ ಹಿಂದಿನ ಕರಿ ಹೊಗೆ ಕಾಣುತ್ತದೆ. ಕಾಣದವು ಇನ್ನೆಷ್ಟೋ, ನಾನು ನೋಡದ ದೇಶಗಳಲ್ಲಿ ನನಗಿಂತ ಮುಂಚಿನಿಂದ ಉರಿಯುತ್ತಿರುವವು. ಮಹಡಿಯ ಮೆಟ್ಟಿಲ ಕೆಳಗೆ, ನೆರಳಲ್ಲಿ, ಒಂದು ಉಷ್ಣಮಾಪಕ ನೇತುಹಾಕಿ ದಿನಾ ಮಧ್ಯಾಹ್ನ ಮೂರಕ್ಕೆ ಬರೆಯತೊಡಗಿದೆ. ಕಂಟೋನ್ಮೆಂಟಿನ ಹಳೆಯ ಮರಗಳ ಕೆಳಗೆ ಒಂದು ಬಿಸಿ, ಬಸ್ ಸ್ಟ್ಯಾಂಡಿನ ಕಡೆಯ ತಗಡಿನ ಸಾಲಲ್ಲಿ ಇನ್ನೊಂದು ಬಿಸಿ. ಚಿಕ್ಕಮ್ಮ ಕೇಳಿದಳು, "ಜ್ವರ ಯಾರಿಗೆ ಬಂದೈತಿ, ದಿನಾ ನೋಡ್ತೀ?" ಬಳ್ಳಾರಿಗೆ ಅಂದೆ. "ಬಳ್ಳಾರಿಗೆ ಯಾವತ್ತು ಇಳಿದಿತ್ತು," ಅಂದಳು.

ಪಾಠದ ಪುಸ್ತಕದಲ್ಲಿ ಇನ್ನೊಂದು ಹೆಸರೂ ಇತ್ತು. ಅದನ್ನು ಓದಿ ನನಗೆ ಸಿಟ್ಟು ಬಂತು. ಸದಾ ನೀರು ನಿಂತ ಭತ್ತದ ಗದ್ದೆ. ನೀರಿನ ಕೆಳಗೆ ಉಸಿರಿಲ್ಲದೆ ಕೊಳೆಯುವ ಬೇರು, ಹುಲ್ಲು ಬಿಡುವ ಅನಿಲವೂ ಆ ಕಂಬಳಿಗೆ ನೂಲು ಸೇರಿಸುತ್ತದೆ. ಕಳ್ಳನ ಹೆಜ್ಜೆ ಹಿಡಿದು ಹೋದರೆ ಅದು ನಮ್ಮದೇ ಅಂಗಳಕ್ಕೆ ಬಂದು ನಿಂತಿತ್ತು.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವನು ಗದ್ದೆಯ ಬದುವಿನ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದ.

"ನಮ್ ಗದ್ದಿನೂ ಹೊಗಿ ಬಿಡ್ತೈತಾ?"

"ಕಾಣದ ಹೊಗಿ."

"ಎಷ್ಟು?"

"ಕೊಳವೆಗಳ ಮುಂದ ಸ್ವಲ್ಪ. ಆದ್ರ ಐತಿ. ನೀರು ನಡುನಡುವೆ ಆರಿಸಿ ಕಟ್ಟಿದ್ರ ಕಮ್ಮಿ ಆಗ್ತೈತಂತ."

"ನೀರು ಉಳಿತೈತಲ್ಲ, ಅದಕ್ಕರ ಮಾಡಾನು," ಅಂದ ಅಪ್ಪ. ಆ ಮುಂಗಾರಿಗೆ ಗದ್ದೆಯ ಒಂದು ಮಡಿಯನ್ನು ಹಾಗೇ ಬೆಳೆದ. ನೀರು ಕಟ್ಟಿ, ನೆಲ ಕೂದಲೆಳೆಯಷ್ಟು ಬಿರಿಯುವವರೆಗೆ ಬಿಟ್ಟು, ಮತ್ತೆ ಕಟ್ಟಿ. ಕಳೆ ಹೆಚ್ಚಾಯಿತು, ಅವ್ವನ ಬೆನ್ನು ಹೋಯಿತು, ಬೆಳೆ ಮಾತ್ರ ಕಮ್ಮಿಯಾಗಲಿಲ್ಲ. ದೊಡ್ಡಪ್ಪ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ, "ನನ್ ತಮ್ಮನ ಮಗಳು ಗದ್ದಿಗೆ ಉಪವಾಸ ಹಾಕ್ಯಾಳ. ಇನ್ನ ಎತ್ತಿಗೆ ಯೋಗಾಸನ ಕಲಿಸ್ತಾಳ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ತಾರೀಖು ಹಾಕಿ ಬರೆದುಕೊಂಡೆ.

ಹೊಗೆ ಕೊಳವೆಯ ಕೊರಳಿಗೆ ನನ್ನ ಕೈ ಎಟುಕುವುದಿಲ್ಲ. ಕಡಲಿಗೆ ಕೊರಳೇ ಇಲ್ಲ. ದೊಡ್ಡಪ್ಪನದು ಎಟುಕುತ್ತದೆ. ಲೆಕ್ಕ ಅಲ್ಲಿಗೆ ಮುಗಿಯಿತು.

ಮಳೆಯನ್ನು ಮುಂಚೆಯೇ ಕಂಡುಹಿಡಿಯುವುದನ್ನು ನಾನು ಕಲಿತದ್ದು ಊರಿನ ಒಳಿತಿಗೆ ಅಂತ ಎಲ್ಲರೂ ತಿಳಿದರು. ಫೋನಿನಲ್ಲಿ ಉಪಗ್ರಹದ ಚಿತ್ರ, ಗಾಳಿಯ ಬಾಣಗಳು, ಇಲಾಖೆಯ ಮುನ್ಸೂಚನೆ, ಇವನ್ನು ನನ್ನ ಪುಸ್ತಕದಲ್ಲಿದ್ದ ಮೋಡ ಗಾಳಿಗಳ ಟಿಪ್ಪಣಿ ಜೊತೆ ಇಟ್ಟು ನೋಡುತ್ತಿದ್ದೆ. ಮಳೆ ಬರುವ ಹಾಗಿದ್ದರೆ ಬಳ್ಳಾರಿಯಿಂದಲೇ ನಮ್ಮ ರಸ್ತೆಯ ಮನೆಗಳಿಗೆಲ್ಲ ಫೋನ್ ಮಾಡುತ್ತಿದ್ದೆ. ಹೇಳಿದ್ದರಲ್ಲಿ ಮೂರಕ್ಕೆ ಎರಡು ನಿಜವಾಗುತ್ತಿತ್ತು. ತಪ್ಪಿದ್ದನ್ನೂ ಬರೆದಿಡುತ್ತಿದ್ದೆ. ಊರಿನವರು ಮಾತ್ರ ಸರಿಯಾದದ್ದನ್ನಷ್ಟೇ ನೆನಪಿಟ್ಟುಕೊಂಡು, ಕೊಯ್ಯುವ ಮಷಿನ್ ಗೊತ್ತು ಮಾಡುವ ಮುಂಚೆ, "ಹುಡುಗಿ ಏನಂತಾಳ ಕೇಳ್ರಿ," ಅನ್ನತೊಡಗಿದ್ದರು.

ನವೆಂಬರ್‌ನಲ್ಲಿ ಮುಂಗಾರಿನ ಬೆಳೆ ರಸ್ತೆಗೆ ಬಂತು. ಅದೇ ವಾರ ಬಂಗಾಳ ಕೊಲ್ಲಿಯಲ್ಲಿ ಸುಳಿಗಾಳಿ ಎದ್ದಿತು. ಮೋಡದ ಬಾಲ ನಮ್ಮ ಕಡೆಗೇ ತಿರುಗಿತ್ತು. ನಾನು ಮನೆಮನೆಗೂ ಫೋನ್ ಮಾಡಿದೆ. ಹರವಬ್ಯಾಡ್ರಿ, ಹರವಿದ್ದನ್ನ ಚೀಲಕ್ಕೆ ತುಂಬಿ ಒಳಗ ಹಾಕ್ರಿ. ದೊಡ್ಡಪ್ಪನಿಗೆ ಮಾಡಲಿಲ್ಲ.

ಬೇರೆ ಯಾರಾದರೂ ಅವನಿಗೆ ಹೇಳುತ್ತಾರೆ ಅನ್ನುವ ಅಂಜಿಕೆ ನನಗಿರಲಿಲ್ಲ. ನಮ್ಮ ಕಡೆ ಒಳ್ಳೆಯ ಸುದ್ದಿಯಾಗಲಿ ಕೆಟ್ಟ ಸುದ್ದಿಯಾಗಲಿ ಮೊದಲು ಬಳಗಕ್ಕೆ ಹೇಳುತ್ತಾರೆ. ಬಳಗದವರಿಗೆ ಹೊರಗಿನವರು ಹೋಗಿ ಹೇಳಿದರೆ, ನಿಮ್ಮವರು ನಿಮಗೆ ಹೇಳಲಿಲ್ಲವೇ ಅಂತ ಚುಚ್ಚಿದ ಹಾಗಾಗುತ್ತದೆ. ತಮ್ಮನ ಮಗಳು ಊರಿಗೆಲ್ಲ ಹೇಳಿದ ಮೇಲೆ ಅಣ್ಣನಿಗೆ ಹೇಳದೆ ಇರುತ್ತಾಳೆಯೇ? ಅಪ್ಪ ಅವ್ವನೂ ಹಾಗೇ ಅಂದುಕೊಂಡಿದ್ದರು. ಕೊನೆಯ ಮನೆಯಾಕೆ ಒಬ್ಬಳು ಮಾತ್ರ ಕೇಳಿದಳು. "ನಿಮ್ಮ ದೊಡ್ಡಪ್ಪಗ ಹೇಳೀಯಲ್ಲ?"

"ನಮ್ಮನ್ಯಾಗ ಹೇಳೀನಿ," ಅಂದೆ.

ಮರುದಿನ ಕ್ಲಾಸು ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ಕಣ್ಣಾರೆ ನೋಡಬೇಕಿತ್ತು. ಕಿಟಕಿಯ ಆಚೆ ಮೋಡ ಕಪ್ಪಾಗುತ್ತ ಬಂದಂತೆ ನನ್ನೊಳಗೆ ಒಂದು ತಂಪು ಇಳಿಯುತ್ತಿತ್ತು. ಊರಿಗೆ ಬಂದರೆ ಎಣಿಸಿದ ಹಾಗೇ ಇತ್ತು. ರಸ್ತೆ ಪೂರ್ತಿ ಖಾಲಿ. ಬೇವಿನ ಹತ್ತಿರ ದೊಡ್ಡಪ್ಪನ ನೆಲ್ಲು ಒಂದೇ ತೆಳ್ಳಗೆ ಹರವಿಕೊಂಡಿತ್ತು. ಬೇರೆಯವರು ಎತ್ತುವುದನ್ನು ನೋಡಿಯೂ, ಮಳೆಯಿದ್ದರೆ ತಮ್ಮನ ಮನೆಯಿಂದ ಮಾತು ಬರುತ್ತಿತ್ತು ಅಂತ ಅವನು ಎತ್ತಿರಲಿಲ್ಲವಂತೆ.

ಮೋಡ ಸಂಜೆವರೆಗೂ ನಿಂತೇ ಇತ್ತು. ನಾಲ್ಕು ಹನಿ ಹಾಕಿತು, ರಸ್ತೆಯ ಮೇಲೆ ಕಾಸಿನಗಲದ ಕಲೆಗಳು ಮೂಡಿ ಆರಿದವು. ಆಮೇಲೆ ಆಂಧ್ರದ ಕಡೆ ಸರಿದುಹೋಯಿತು. ಬೆಳಗ್ಗೆ ಎದ್ದರೆ ಬಿಸಿಲು. ಅದರ ಮಾರನೆಯ ದಿನವೂ ಬಿಸಿಲು, ಅದರಾಚೆಯ ದಿನ ಇನ್ನೂ ಹೆಚ್ಚು.

ಹಸಿ ನೆಲ್ಲು ಚೀಲದೊಳಗೆ ಕಾದು ಎಲ್ಲರ ಮನೆಯಲ್ಲೂ ಆವಿ ಬಿಡತೊಡಗಿತು. ಕೈ ಹಾಕಿದರೆ ಒಲೆಯ ಮೇಲಿಟ್ಟ ಹಾಗೆ. ಬಿಚ್ಚಿ ಹರವುವಷ್ಟರಲ್ಲಿ ಅಕ್ಕಿ ಹಳದಿಗೆ ತಿರುಗಿತ್ತು. ನಮ್ಮದೂ. ಇಡೀ ರಸ್ತೆಯಲ್ಲಿ ಬೆಳ್ಳಗೆ, ಗರಿಗರಿಯಾಗಿ ಒಣಗಿ ಮಿಲ್ಲಿಗೆ ಹೋದದ್ದು ದೊಡ್ಡಪ್ಪನ ನೆಲ್ಲು ಒಂದೇ.

ಭಾನುವಾರ ಅವನು ಕುಂಟುತ್ತ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಹೊಸ ಅಕ್ಕಿ. ಅವ್ವನ ಮುಂದೆ ಇಟ್ಟ. ಹೊರಸಿನ ಮೇಲೆ ಕೂತು ನನ್ನನ್ನೇ ನೋಡಿದ.

"ಏನಮ್ಮ ಮಳಿರಾಣಿ, ಊರಿಗೆಲ್ಲ ಫೋನ್ ಮಾಡಿ ನನಗೊಬ್ಬಗ ಬಿಟ್ಟಿಯಂತಲ್ಲ. ನಿನ್ನ ಉಪಕಾರ ಮರಿಯಂಗಿಲ್ಲ. ಅದಕ್ಕ ತಂದೀನಿ, ಉಣ್ರಿ."

ಅವ್ವ ನನ್ನ ಕಡೆ ತಿರುಗಿದಳು. ಅಪ್ಪ ತಿರುಗಲಿಲ್ಲ. ದೊಡ್ಡಪ್ಪ ಹೋದ ಮೇಲೆ ಅಪ್ಪ ಹೇಳಿದ್ದು ಇಷ್ಟೇ. "ಮಳಿ ತಪ್ಪಿದ್ದು ನಿನ್ ಕೈಯಾಗ ಇಲ್ಲ. ಫೋನ್ ನಿನ್ ಕೈಯಾಗ ಇತ್ತು."

ಅದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಯಾರ ತಾಡಪತ್ರಿ ಯಾರ ಕೈಯಲ್ಲಿತ್ತು ಅನ್ನುವುದರಿಂದ ಲೆಕ್ಕ ಶುರುವಾಗಬೇಕು. ಆದರೆ ಸೋತದ್ದು ನಿಜ. ರಸ್ತೆಯಲ್ಲಿ ನಡೆದರೆ, "ಇವತ್ತು ಬಿಸಿಲು ಐತೇನಮ್ಮ, ಅಲ್ಲ, ನಮ್ಮ ಕಣ್ಣು ಸರಿ ಐತೋ ಇಲ್ಲೋ," ಅನ್ನುತ್ತಿದ್ದರು. ದೊಡ್ಡಪ್ಪ ಗೆದ್ದ ಹುಮ್ಮಸ್ಸಿನಲ್ಲಿ ಗದ್ದೆಯ ಹುಲ್ಲಿಗೆ ಬೆಂಕಿ ಹಚ್ಚಿದ. ಮಷಿನ್ ಕೊಯ್ದು ಬಿಟ್ಟ ಹುಲ್ಲು ಕೂಡಿಸುವುದಕ್ಕಿಂತ ಅದು ಸುಲಭ. ಗಾಳಿ ನಮ್ಮ ಕಡೆಗಿತ್ತು. ಎರಡು ದಿನ ಅವನ ಹೊಗೆಯನ್ನು ನಮ್ಮ ಹಳದಿ ಅನ್ನದ ಜೊತೆ ತಿಂದೆವು. ಅವನು ತಂದ ಬಿಳಿ ಅಕ್ಕಿಯನ್ನು ನಾನು ಮುಟ್ಟಲಿಲ್ಲ.

ಫೆಬ್ರುವರಿಯಲ್ಲಿ ಕುರುಗೋಡಿಗೆ ಹೋದೆ, ಅವ್ವನ ತವರಿಗೆ. ಅಲ್ಲಿ ಅಜ್ಜಿ ಮೆಣಸಿನಕಾಯಿ ಒಣಗಿಸುವುದು ಹಾಸುಬಂಡೆಯ ಮೇಲೆ. ಬಂಡೆ ಒಂದು ಕಡೆಗೆ ವಾಲಿದೆ, ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಅದಕ್ಕೂ ಈಗ ಗ್ಯಾರಂಟಿ ಇಲ್ಲ. ಹೊತ್ತಲ್ಲದ ಹೊತ್ತಿನ ತುಂತುರಿಗೆ ಕಾಯಿ ಕಪ್ಪಾಗುತ್ತದೆ, ಕಪ್ಪಾದದ್ದಕ್ಕೆ ಗಿರಾಕಿ ಇಲ್ಲ. ನಾನು ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ ಆರಿಸುತ್ತ, ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಘಾಟಿಗೆ ಸೀನುತ್ತ ಕೇಳಿದಳು.

"ಅಂದ್ರ ನಿನ್ ಸೇಡು ನೀನು ಮಳಿ ಕೈಯಾಗ ಕೊಟ್ಟಿ."

"ಹ್ಞೂಂ."

"ಮಳಿ ಏನು ನಿಮ್ಮನಿ ಆಳೇನು ಹೇಳಿದ್ದು ಮಾಡಾಕ? ನಿನ್ ಕೈಗೇನಾಗೈತಿ?"

"ಸೇಡು ಬ್ಯಾಡ ಅಂತ ಹೇಳ್ತಿ ಅಂದ್ಕಂಡಿದ್ದೆ ಅಜ್ಜಿ."

"ನಾ ಯಾಕ ಹೇಳ್ಲಿ? ನನ್ ಮಗಳಿಗೆ ವರ್ಷಪೂರ್ತಿ ವಾಸನಿ ಅನ್ನ ಉಣಿಸ್ಯಾನ. ಆದ್ರ ಅವನ ನೆಲ್ಲು ಕೊಳತ್ರ ಏನಾಗ್ತೈತಿ? ದೇವರು ಕಣ್ಣು ಮುಚ್ಚಿದ ಅಂತಾನ, ನಾಕು ಮಂದಿ ಅಯ್ಯೋ ಅಂತಾರ. ಅದು ಅವಂಗ ತಗಲೂದು ಹೆಂಗ?" ಅಜ್ಜಿ ಕಪ್ಪು ಕಾಯಿಯೊಂದನ್ನು ನನ್ನ ಕಡೆ ಎಸೆದಳು. "ಕೆಂಪು ಗುಂಪಿನಾಗ ಹಾಕಿ ನೋಡು ಅದನ್ನ, ಆವಾಗ ಅದರ ಕಪ್ಪು ತಾನಾಗೇ ಕಾಣ್ತೈತಿ. ಕಣ್ಣಿದ್ದೋಳು ಆರಿಸು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಕೈ ಉರಿಯುತ್ತಿತ್ತು. ಕಣ್ಣು ಮುಟ್ಟದಂತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಮಾತನ್ನೇ ಮನಸ್ಸಿನಲ್ಲಿ ತಿರುವಿದೆ.

ಮತ್ತೆ ಏಪ್ರಿಲ್ ಬಂತು. ಬೇಸಿಗೆ ಬೆಳೆ ರಸ್ತೆಗೆ ಬಂತು. ಮಧ್ಯಾಹ್ನದ ಬಿಸಿ ನನ್ನ ಪುಸ್ತಕದಲ್ಲಿದ್ದ ಎಲ್ಲ ಪುಟಗಳನ್ನೂ ಮೀರಿತ್ತು. ಅಂಥ ಬಿಸಿಯ ಬೆನ್ನಿಗೇ ಗುಡುಗು ಏಳುವುದನ್ನು ಹಿಂದಿನ ಪುಟಗಳಲ್ಲಿ ನೋಡಿದ್ದೆ. ಮುನ್ಸೂಚನೆಯೂ ಅದನ್ನೇ ಹೇಳುತ್ತಿತ್ತು. ಬಳ್ಳಾರಿಯಿಂದಲೇ ಫೋನ್ ತೆಗೆದೆ. ಈ ಸಲ ಮೊದಲು ದೊಡ್ಡಪ್ಪನಿಗೆ ಮಾಡಿದೆ.

"ದೊಡ್ಡಪ್ಪ, ನಾಳಿ ಸಂಜಿಗೆ ಗಾಳಿ ಮಳಿ ಬರೋ ಹಂಗ ಐತಿ. ನೆಲ್ಲು ಎತ್ತಿಸ್ರಿ."

ಆ ಕಡೆಯಿಂದ ನಗು. "ಹೋದ ಸಲ ಹೇಳಲಿಲ್ಲ, ಚಲೋ ಆತು. ಈ ಸಲ ಹೇಳ್ದಿ ಅಂದ್ರ ಏನೋ ಕೆಟ್ಟದ್ದು ಐತಿ ನೋಡು."

"ನಾ ಹೇಳೂದು ಹೇಳೀನ್ರಿ."

"ಕೇಳೂದು ಕೇಳೀನಿ. ಇಡು."

ಉಳಿದವರಿಗೂ ಮಾಡಿದೆ. ಕೆಲವರು ಎತ್ತಲೇ ಇಲ್ಲ, ಕೆಲವರು ಬಿಸಿಲಿನ ಬಗ್ಗೆ ತಮಾಷೆ ಮಾಡಿದರು. ಅಪ್ಪ ಒಬ್ಬನೇ ನಮ್ಮ ನೆಲ್ಲನ್ನು ಒಳಗೆ ಹಾಕಿದ. ಚೀಲ ಕಟ್ಟದೆ, ನಡುಮನೆಯಲ್ಲಿ ತೆಳ್ಳಗೆ ಹರವಿ, ಫ್ಯಾನ್ ತಿರುಗಿಸಿ. ನವೆಂಬರ್ ಕಲಿಸಿದ್ದು ಅದು. ಸಂಜೆಯ ಬಸ್ಸಿಗೆ ನಾನೂ ಊರಿಗೆ ಬಂದೆ, ಎಲ್ಲರೂ ಅಡುಗೆಮನೆಯಲ್ಲಿ ಮಲಗಿದೆವು.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಕೆಂಪು ಗುರುತಿನ ತಾಡಪತ್ರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತೆ. ದೊಡ್ಡಪ್ಪನ ರಾಶಿಯಿಂದ ಎರಡು ಹೆಜ್ಜೆ ದೂರ. ಗಾಳಿ ಬಂದಾಗ ನಾನು ಅಕಸ್ಮಾತ್ ಅಲ್ಲಿದ್ದೆ ಅಂತ ಆಮೇಲೆ ಊರಲ್ಲಿ ಹೇಳಿದರು. ಹಾಗಲ್ಲ. ಕಾಲಿಗೆ ಹತ್ತಿರದ ರಾಶಿ ಯಾವುದಾಗಬೇಕು ಅನ್ನುವುದನ್ನು ನಾನೇ ಗೊತ್ತು ಮಾಡಿದ್ದೆ. ದೊಡ್ಡಪ್ಪ ರಸ್ತೆಯ ಆ ಬದಿಯ ಚಹಾದಂಗಡಿಯಲ್ಲಿ ಕೂತು ನೋಡುತ್ತಿದ್ದ.

"ಏನು, ಮಳಿ ಕಾಯಾಕ ಕುಂತೀಯೇನು?" ಅಂತ ಕೂಗಿದ.

"ಹೌದ್ರಿ."

"ಬಂದ್ರ ನನಗೂ ಹೇಳು."

ಬಂತು. ಅದೇ ಕೆಂಪು ಗೋಡೆ. ಊರೆಲ್ಲ ರಸ್ತೆಗೆ ಓಡಿಬಂತು. ಅಪ್ಪ, ಅವ್ವ ಕೂಡ ಬಂದು ತಮ್ಮ ಕಾಲಿಗೆ ಹತ್ತಿರದ್ದನ್ನು ಹಿಡಿದರು. ನಾನು ಅವಸರ ಮಾಡಲಿಲ್ಲ. ಹಗ್ಗ ಕಟ್ಟಿದ ಹಲಗೆಯಿಂದ ಹರವಿದ ನೆಲ್ಲನ್ನು ಒಟ್ಟು ಮಾಡಿದೆ. ಅವನ ತಾಡಪತ್ರಿ ಬಿಚ್ಚಿದರೆ ಹೋದ ವರ್ಷದ ಹರಕು ಹಾಗೇ ಇತ್ತು, ಹೊಲಿಸಿರಲಿಲ್ಲ. ಅದನ್ನು ಕೆಳಗೆ ಹಾಸುವ ಹಾಗೆ ಒಂದು ಪಕ್ಕಕ್ಕೆ ತುರುಕಿ, ನಮ್ಮದನ್ನು ಮೇಲೆ ಎಳೆದೆ. ಗಾಳಿ ಇನ್ನೊಂದು ತುದಿಯನ್ನು ಎತ್ತಿ ಬಡಿಯತೊಡಗಿತು. ಅಷ್ಟರಲ್ಲಿ ಅವನು ಕುಂಟುತ್ತ ಬಂದಿದ್ದ.

"ಹಿಡೀರಿ ದೊಡ್ಡಪ್ಪ," ಅಂದೆ. "ಆ ಮೂಲಿ. ಗುರುತು ಇರೋದು."

ಹಿಡಿದ. ಕಲ್ಲು ಹುಡುಕುವಷ್ಟು ಹೊತ್ತಿರಲಿಲ್ಲ. ಆಲಿಕಲ್ಲು ಶುರುವಾಯಿತು. ಅವನು ಆ ಮೂಲೆಯ ಮೇಲೆ ಕೂತ, ನಾನು ಈ ಮೂಲೆಯ ಮೇಲೆ ಕೂತೆ. ಅವನ ತಲೆಯ ಮೇಲೆ ಟವೆಲ್ಲು, ನನ್ನ ತಲೆಯ ಮೇಲೆ ನನ್ನದೇ ಕೈ. ಎಷ್ಟು ಹೊತ್ತು ಅಂತ ಬರೆದಿಟ್ಟಿಲ್ಲ. ಪುಸ್ತಕ ಮನೆಯಲ್ಲಿತ್ತು. ತಾಡಪತ್ರಿಯ ಕೆಳಗೆ ಒಣ ನೆಲ್ಲು ಇನ್ನೂ ಬೆಚ್ಚಗಿತ್ತು, ಅದು ನನ್ನ ತೊಡೆಗೆ ತಾಗುತ್ತಿತ್ತು. ಅವನಿಗೂ ತಾಗಿರಬೇಕು.

ಮಳೆಯ ಸದ್ದು ಸ್ವಲ್ಪ ಇಳಿದಾಗ ಅವನು ಮಾತಾಡಿದ.

"ಸೇಡು ತೀರಿಸ್ಕಂತಿ ಅಂದ್ಕಂಡಿದ್ದೆ ನೀನು."

"ತೀರಿಸ್ಕಂತಾನ ಅದೀನ್ರಿ."

ಅವನು ನನ್ನ ಮುಖ ನೋಡಿದ. ಆಮೇಲೆ ತಾನು ಕೂತ ಮೂಲೆಯನ್ನು ನೋಡಿದ. ಕೆಂಪು ಗುರುತಿನ ಅರ್ಧ ಅವನ ಪಂಚೆಯ ಕೆಳಗಿತ್ತು, ಅರ್ಧ ಹೊರಗಿತ್ತು.

ರಸ್ತೆಯಲ್ಲಿ ಆ ಸಂಜೆ ಹಲವು ರಾಶಿ ನೆನೆದವು. ಮುಚ್ಚುವ ಕೈ ಸಾಲಲಿಲ್ಲ, ತಾಡಪತ್ರಿಗಳೂ ಹಳೆಯವು. ನಾನು ಹೇಳಿದ್ದನ್ನು ಕೇಳಿದ್ದರೆ ಅಂತ ಯಾರಿಗೂ ಅನ್ನಲಿಲ್ಲ, ಅವರ ಮೇಲೆ ನನಗೆ ಸೇಡಿಲ್ಲ. ಆ ವಾರ ಚಾವಡಿಯಲ್ಲಿ ಕೂತು, ಊರ ಪಕ್ಕದ ದಿಬ್ಬದ ಮೇಲೆ ಒಂದು ಕಡೆಗೆ ವಾಲಿದ ಸಿಮೆಂಟಿನ ಕಣ ಎಲ್ಲರೂ ಸೇರಿ ಹಾಕಿಸುವ ಮಾತಾಡಿದರು. ವಾಲಿರಬೇಕು ಅಂದವಳು ನಾನು. ಕುರುಗೋಡಿನ ಬಂಡೆಯಿಂದ ತಂದದ್ದು. ಹುಲ್ಲಿಗೆ ಬೆಂಕಿ ಹಚ್ಚಬಾರದು ಅಂತಲೂ ಮಾತು ಬಂತು. ದೊಡ್ಡಪ್ಪ ಮೂಲೆಯಲ್ಲಿ ಕೂತಿದ್ದ, ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕಣ ಇನ್ನೂ ಆಗಿಲ್ಲ. ಅದು ಆದರೂ ಅಕಾಲದ ಮಳೆ ನಿಲ್ಲುವುದಿಲ್ಲ, ಕೊಳವೆಗಳು ಉರಿಯುತ್ತಲೇ ಇವೆ, ಅವುಗಳ ಕೊರಳಿಗೆ ಕೈ ಎಟುಕುವ ದಾರಿ ನನಗಿನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ. ಆ ಲೆಕ್ಕ ಬೇರೆ, ಅದು ದೊಡ್ಡದು.

ಚಿಕ್ಕ ಲೆಕ್ಕ ಆ ಮಳೆಯ ಮರುದಿನ ಮಧ್ಯಾಹ್ನವೇ ಮುಗಿದಿತ್ತು. ದೊಡ್ಡಪ್ಪ ತಾಡಪತ್ರಿಯನ್ನು ತೊಳೆದು, ಒಣಗಿಸಿ, ಗುರುತು ಮೇಲೆ ಬರುವಂತೆ ಮಡಚಿ ತಂದಿದ್ದ. ಹೋದ ವರ್ಷ ಅವನು ಅದನ್ನು ತಂದುಕೊಟ್ಟಿರಲಿಲ್ಲ, ಅವನ ರಾಶಿಯ ಮೇಲಿನಿಂದ ಅಪ್ಪನೇ ಹೋಗಿ ಎತ್ತಿಕೊಂಡು ಬಂದಿದ್ದ. ಬಾಗಿಲಲ್ಲಿ ನಾನಿದ್ದೆ. ಅವನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ತಗಳಮ್ಮ."

ನಾವು ಒಂದು ವರ್ಷ ಅವನ ಹೆಸರಿನ ವಾಸನೆ ತಿಂದಿದ್ದೆವು. ಈ ವರ್ಷ ಅವನ ಮನೆಯಲ್ಲಿ ಬೇಯುವ ಅನ್ನ ಬೆಳ್ಳಗಿರುತ್ತದೆ, ವಾಸನೆ ಇರುವುದಿಲ್ಲ, ತಟ್ಟೆಗೆ ಕೈ ಹಾಕಿದಾಗೆಲ್ಲ ಅದನ್ನು ಯಾರು ಮುಚ್ಚಿದರು ಅಂತ ಅವನಿಗೆ ಗೊತ್ತಿರುತ್ತದೆ. ಅಷ್ಟು ಸಾಲದು ಅನ್ನಿಸಿತು.

"ಇಟ್ಕಳ್ರಿ ದೊಡ್ಡಪ್ಪ," ಅಂದೆ. "ನಿಮ್ದು ಹರದೈತಿ. ಮುಂದಿನ ಮಳಿಗೆ ಬೇಕಾಗ್ತೈತಿ."

ಅವನು ಚಾಚಿದ ಕೈ ಹಾಗೇ ಇತ್ತು. ಒಳಗಿನಿಂದ ಅಪ್ಪ ಕೆಮ್ಮಿದ, ಆದರೆ ಬರಲಿಲ್ಲ. ನಾನು ಬಾಗಿಲಲ್ಲೇ ನಿಂತೆ, ಅವನು ತಾಡಪತ್ರಿ ಎದೆಗೆ ಅವುಚಿಕೊಂಡು ಕುಂಟುತ್ತ, ಎಲ್ಲರೂ ನೆಲ್ಲು ತಿರುವುತ್ತಿದ್ದ ರಸ್ತೆಯ ಉದ್ದಕ್ಕೂ ನಡೆದು ತನ್ನ ಮನೆ ಸೇರುವವರೆಗೆ.